ಸಂತೆಯ ವಂಚನೆ: ಅಂದಿನ ಕಟ್ಟಳೆ, ಇಂದಿನ ಕಾವಲು

ಕೊಳ್ಳುವವನು, ಮಾರುವವನು ಎಂಬ ಇಬ್ಬರು ಲೋಕದಲ್ಲಿ ಎಂದು ಕಾಣಿಸಿಕೊಂಡರೋ ಅಂದೇ ಅವರ ನಡುವೆ ಮೂರನೆಯವನೊಬ್ಬನೂ ಬಂದು ನಿಂತನು. ಅವನೇ ವಂಚಕ. ಅವನ ವೇಷ ಕಾಲಕಾಲಕ್ಕೆ ಬದಲಾಗಿದೆ, ಕಸುಬು ಬದಲಾಗಿಲ್ಲ. ಇಂದು ಸಂತೆಯೇ ನಮ್ಮ ಅಂಗೈಯ ಫೋನಿನೊಳಕ್ಕೆ ಬಂದು ಕುಳಿತಿದೆ. ನಮ್ಮದೇ ಊರಿನ ಮತ್ತೊಂದು ಬಡಾವಣೆಯವರು ಹಳೆಯ ಮೇಜು, ಸೈಕಲ್ಲು, ಸ್ಕೂಟರು, ಫೋನುಗಳನ್ನು ಮಾರಲಿಟ್ಟಿರುವುದನ್ನು ಮನೆಯಲ್ಲಿ ಕುಳಿತೇ ನೋಡುತ್ತೇವೆ. ವಸ್ತುವಿನ ಚಿತ್ರವಿದೆ, ಬೆಲೆಯಿದೆ, ಮಾತುಕತೆಯೂ ನಡೆಯುತ್ತದೆ. ಮಾರುವವನ ಮುಖ ಮಾತ್ರ ಕಾಣದು. ಮುಂಗಡ ಕಳುಹಿಸಿದ ಮೇಲೆ ವಸ್ತುವೂ ಇಲ್ಲ, ಮಾರಿದವನೂ ಇಲ್ಲ ಎಂಬ ಗೋಳು ಊರೂರಿನಲ್ಲೂ ಕೇಳಿಬರುತ್ತಿದೆ.

ಇದು ಹೊಸ ಕಾಲದ ಹೊಸ ಪಿಡುಗು, ನಮ್ಮ ಹಿರಿಯರಿಗೆ ಇದರ ಸುಳಿವೇ ಇರಲಿಲ್ಲ ಎಂದು ಹಲವರ ಭಾವನೆ. ಇತಿಹಾಸವನ್ನು ಕೊಂಚ ತಿರುವಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಹಿರಿಯರು ಈ ವಂಚಕನನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವನನ್ನು ಗುರುತಿಸುವ ಲಕ್ಷಣಗಳನ್ನೂ ಬರೆದಿಟ್ಟು ಹೋಗಿದ್ದಾರೆ.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡೋಣ. ಹೆಸರು ಮಾತ್ರ ಉಳಿದು ಗ್ರಂಥವೇ ಕಾಣದಾಗಿದ್ದ ಈ ಶಾಸ್ತ್ರದ ಓಲೆಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಓರಿಯೆಂಟಲ್ ಲೈಬ್ರರಿಗೆ ಬಂದಿದ್ದ ಆ ಕಟ್ಟನ್ನು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿದರು. ರಾಜನೀತಿಯ ಗ್ರಂಥವೆಂದೇ ಹೆಸರಾದ ಇದರಲ್ಲಿ ಬೀದಿಯ ತಕ್ಕಡಿಗೂ ಸ್ಥಾನವುಂಟು. ತೂಕದ ಬಟ್ಟುಗಳು ಕಬ್ಬಿಣದವಾಗಿರಬೇಕು, ಇಲ್ಲವೆ ಮಗಧ ಮೇಕಲ ದೇಶಗಳ ಕಲ್ಲಿನವಾಗಿರಬೇಕು. ನೀರಿನಿಂದ ಹೆಚ್ಚದ, ಬಿಸಿಯಿಂದ ಕುಗ್ಗದ ಪದಾರ್ಥವೇ ಆಗಿರಬೇಕು ಎಂಬುದು ಅದರ ನಿಯಮ. ನಾಲ್ಕು ತಿಂಗಳಿಗೊಮ್ಮೆ ಅವುಗಳ ಮೇಲೆ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ಬಟ್ಟಿಗೆ ಇಪ್ಪತ್ತೇಳೂ ಕಾಲು ಪಣ ದಂಡ. ಕೀಳು ಮಾಲನ್ನು ಮೇಲಾದುದೆಂದು ಹೇಳಿ ಮಾರಿದರೆ ಬೆಲೆಯ ಎಂಟರಷ್ಟು ದಂಡ. ವರ್ತಕರು ಒಳಸಂಚು ಮಾಡಿ ಬೆಲೆಯನ್ನು ಏರಿಳಿಸಿದರೆ ಸಾವಿರ ಪಣ.

ಇವೆಲ್ಲಕ್ಕಿಂತ ನಮ್ಮ ಇಂದಿನ ವಿಷಯಕ್ಕೆ ಹತ್ತಿರವಾದ ಮಾತೊಂದು ಅದೇ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿದೆ. ವರ್ತಕರಿಂದ ಜನರನ್ನು ರಕ್ಷಿಸುವ ಪ್ರಕರಣವದು. ಹಳೆಯ ಸಾಮಾನುಗಳನ್ನು ಮಾರುವುದಾಗಲಿ ಒತ್ತೆಯಿಡುವುದಾಗಲಿ ಮಾರುಕಟ್ಟೆಯಲ್ಲಿಯೇ, ಸಂಸ್ಥಾಧ್ಯಕ್ಷನೆಂಬ ಅಧಿಕಾರಿಯ ಕಣ್ಣೆದುರಿನಲ್ಲಿಯೇ ನಡೆಯಬೇಕು. ವಸ್ತು ತನ್ನದೆಂದು ಮಾರುವವನು ಮೊದಲು ಸಿದ್ಧಪಡಿಸಬೇಕು ಎಂದು ಅಲ್ಲಿ ಹೇಳಿದೆ. ಹೊಸ ಸಾಮಾನಿಗಿಲ್ಲದ ಈ ಕಟ್ಟು ಹಳೆಯ ಸಾಮಾನಿಗೇಕೆ? ಹೊಸದರ ಹಿಂದೆ ಅದನ್ನು ಮಾಡಿದ ಕುಶಲಕರ್ಮಿಯೋ ಅಂಗಡಿಯೋ ಇರುತ್ತದೆ. ಹಳೆಯದರ ಹಿಂದೆ ಯಾರಿದ್ದಾರೆಂಬುದು ಕೇಳದ ಹೊರತು ತಿಳಿಯದು.

ಈ ಕೇಳುವ ಕಲೆಯನ್ನು ಇನ್ನಷ್ಟು ಬಿಡಿಸಿ ಹೇಳಿದವರು ನಮ್ಮ ನಾಡಿನವರೇ ಆದ ವಿಜ್ಞಾನೇಶ್ವರರು. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರವರೆಗಿನ ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿದ್ದ ಈ ಮಹನೀಯರು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದರು. ದಾಯಭಾಗದ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳು ಅದನ್ನು ಪ್ರಮಾಣವಾಗಿ ಹಿಡಿದ ಸಂಗತಿ ವಾಚಕರಿಗೆ ತಿಳಿದೇ ಇದೆ. ಅದರಲ್ಲಿಯೇ ‘ಅಸ್ವಾಮಿವಿಕ್ರಯ’ ಎಂಬ ಪ್ರಕರಣವೊಂದಿದೆ. ಒಡೆಯನಲ್ಲದವನು ಮಾಡುವ ಮಾರಾಟ ಎಂದು ಅದರ ಅರ್ಥ. ಅಂಥ ವಸ್ತು ಸಿಕ್ಕಿದಲ್ಲಿ ನಿಜವಾದ ಒಡೆಯನು ಅದನ್ನು ಹಿಂದಕ್ಕೆ ಪಡೆಯಬಹುದು. ಕೊಂಡವನ ಗತಿಯೇನು? ಮಾರಿದವನನ್ನು ತೋರಿಸಿಕೊಟ್ಟರೆ ಅವನು ನಿರ್ದೋಷಿ. ಕೊಟ್ಟ ಹಣವೂ ಮಾರಿದವನಿಂದ ಅವನಿಗೆ ಹಿಂದಿರುಗಬೇಕು. ಆದರೆ ನಾಲ್ಕು ಬಗೆಯ ಕೊಳ್ಳಿಕೆಯಲ್ಲಿ ಕೊಂಡವನನ್ನೂ ಕಳ್ಳನಂತೆಯೇ ಎಣಿಸಬೇಕೆಂದು ಶಾಸ್ತ್ರ ಹೇಳುತ್ತದೆ. ಗುಟ್ಟಾಗಿ ಕೊಳ್ಳುವುದು, ತೀರ ಕಡಿಮೆ ಬೆಲೆಗೆ ಕೊಳ್ಳುವುದು, ರಾತ್ರಿ ಮೊದಲಾದ ಹೊತ್ತಲ್ಲದ ಹೊತ್ತಿನಲ್ಲಿ ಕೊಳ್ಳುವುದು, ‘ಹೀನ’ನಿಂದ ಕೊಳ್ಳುವುದು. ಈ ಕೊನೆಯ ಮಾತಿಗೆ ವಿಜ್ಞಾನೇಶ್ವರರು ಕೊಡುವ ಅರ್ಥ ಗಮನಿಸತಕ್ಕದ್ದು. ಹೀನನೆಂದರೆ ಆ ವಸ್ತುವನ್ನು ಸಂಪಾದಿಸುವ ಮಾರ್ಗವೇ ಇಲ್ಲದವನು. ‘ಇದು ನಿನಗೆ ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದವನು ಎಂದಾಯಿತು.

ಕೊಂಡ ಮೇಲೆ ಪರೀಕ್ಷಿಸಿ ನೋಡುವುದಕ್ಕೂ ಅದೇ ಸ್ಮೃತಿಯಲ್ಲಿ ಅವಧಿಗಳಿವೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಎತ್ತು ಮೊದಲಾದುವಕ್ಕೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸು ಎಮ್ಮೆಗಳಿಗೆ ಮೂರು ದಿನ. ಬೀಜ ಮೊಳೆಯಲು, ಹಸುವಿನ ಹಾಲು ಗೊತ್ತಾಗಲು ಎಷ್ಟು ದಿನ ಬೇಕೆಂಬ ಒಕ್ಕಲುತನದ ಅನುಭವವೇ ಇಲ್ಲಿ ಶಾಸ್ತ್ರವಾಗಿದೆ. ಇಂದಿನ ದೊಡ್ಡ ಮಾರಾಟಗಾರರು ‘ಇಷ್ಟು ದಿನದೊಳಗೆ ಹಿಂದಿರುಗಿಸಬಹುದು’ ಎಂದು ಹೇಳುವ ಮಾತಿಗೆ ಇಷ್ಟು ಹಳೆಯ ಬೇರುಂಟು.

ಗ್ರಂಥಗಳ ಮಾತು ಹಾಗಿರಲಿ. ನಮ್ಮ ಹಳ್ಳಿಯ ಸಂತೆಗಳು ನಡೆದುಬಂದದ್ದು ಹೇಗೆ? ವಾರಕ್ಕೊಂದು ದಿನ, ಗೊತ್ತಾದ ಜಾಗ, ಗೊತ್ತಾದ ಮುಖಗಳು. ಈ ಸೋಮವಾರ ಮೋಸಮಾಡಿದವನು ಮುಂದಿನ ಸೋಮವಾರ ಅದೇ ಮರದಡಿಯಲ್ಲಿ ಕುಳಿತುಕೊಳ್ಳಬೇಕು. ಶಾಸನಗಳಲ್ಲಿ ಕಾಣುವ ಪಟ್ಟಣಸ್ವಾಮಿ, ಅಯ್ಯಾವೊಳೆಯ ಐನೂರ್ವರು ಮೊದಲಾದ ವರ್ತಕ ಪ್ರಮುಖರಿಗೆ ತಮ್ಮ ಹೆಸರೇ ಬಂಡವಾಳವಾಗಿದ್ದಿತು. ದನಗಳ ಜಾತ್ರೆಯನ್ನು ನೋಡಿದವರಿಗೆ ಇನ್ನೊಂದು ಸಂಗತಿ ನೆನಪಾದೀತು. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿದ ಮೇಲೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಅಲ್ಲಿ ಮರೆಯಾದದ್ದು ಬೆಲೆ ಮಾತ್ರ. ಎತ್ತೂ ಎದುರಿಗಿದೆ, ಒಡೆಯನೂ ಎದುರಿಗಿದ್ದಾನೆ. ಫೋನಿನ ಸಂತೆಯಲ್ಲಿ ಇದು ತಿರುಗುಮುರುಗಾಗಿದೆ. ಬೆಲೆ ಬಯಲಿನಲ್ಲಿದೆ, ವಸ್ತುವೂ ಒಡೆಯನೂ ಮರೆಯಲ್ಲಿದ್ದಾರೆ.

ಇಂಗ್ಲಿಷರ ನ್ಯಾಯದೊಡನೆ ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ಸೂತ್ರ ನಮ್ಮಲ್ಲಿಗೆ ಬಂದಿತು. ಆದರೂ 1930ರ ಸರಕು ಮಾರಾಟ ಕಾಯಿದೆ ಆ ಸೂತ್ರಕ್ಕೆ ಹಲವು ಅಪವಾದಗಳನ್ನು ಕಲ್ಪಿಸಿತು. ಒಡೆಯನಲ್ಲದವನು ಮಾರಿದರೆ ಸಾಮಾನ್ಯವಾಗಿ ಕೊಂಡವನಿಗೆ ಒಡೆತನ ಬಾರದೆಂಬ ಹಳೆಯ ನ್ಯಾಯವನ್ನೂ ಉಳಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ಊರಿಗೊಂದು ಬಗೆಯಾಗಿದ್ದ ಸೇರು ಮಣಗಳು ಹೋಗಿ ಕಿಲೋಗ್ರಾಂ ಬಂದಿತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯಾಯಿತು. ಅದರ ಸ್ಥಾನದಲ್ಲಿ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದು, ಅದೇ ತಿಂಗಳು ಅಂತರಜಾಲದ ವ್ಯಾಪಾರಕ್ಕೂ ನಿಯಮಗಳಾದುವು. ಮಾರಾಟದ ತಾಣವು ದೂರು ಅಧಿಕಾರಿಯನ್ನು ನೇಮಿಸಬೇಕು. ಆತ 48 ಗಂಟೆಗಳೊಳಗೆ ದೂರು ಮುಟ್ಟಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಇಲ್ಲಿ ಒಂದು ಸೂಕ್ಷ್ಮವುಂಟು. ವ್ಯಾಪಾರವೇ ಕಸುಬಾದವನಿಗೆ ಈ ನಿಯಮ ಸಲ್ಲುತ್ತದೆ. ತನ್ನ ಮನೆಯ ಹಳೆಯ ಮಂಚವನ್ನು ಎಂದೋ ಒಮ್ಮೆ ಮಾರುವ ಗೃಹಸ್ಥನಿಗೆ ಸಲ್ಲದು. ವಂಚಕನು ಹೊಂಚುಹಾಕುವುದು ಈ ಗೃಹಸ್ಥನ ವೇಷದಲ್ಲಿಯೇ. ಆದುದರಿಂದ ಇಲ್ಲಿ ಸಂಸ್ಥಾಧ್ಯಕ್ಷನ ಕೆಲಸವನ್ನು ನೀವೇ ಮಾಡಬೇಕಾಗುತ್ತದೆ.

ವಿಜ್ಞಾನೇಶ್ವರರ ನಾಲ್ಕು ಲಕ್ಷಣಗಳನ್ನು ಇಂದಿನ ಸಂತೆಗೆ ಹಿಡಿದು ನೋಡಿ. ತೀರ ಅಗ್ಗದ ಬೆಲೆ ಮೊದಲ ಗುರುತು, ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ. ‘ನೋಡಲು ಬರಬೇಡಿ, ನಾನೇ ಕಳುಹಿಸುತ್ತೇನೆ’ ಎಂಬುದು ಗುಟ್ಟಿನ ವ್ಯಾಪಾರ. ‘ಈಗಲೇ ಮುಂಗಡ ಹಾಕಿ, ಬೇರೆಯವರು ಕಾದಿದ್ದಾರೆ’ ಎಂಬ ಅವಸರ ಹೊತ್ತಲ್ಲದ ಹೊತ್ತು. ರಸೀತಿ ಕೇಳಿದರೆ ಮಾತು ತಿರುಗಿಸುವವನೇ ಸಂಪಾದನೆಯ ಮಾರ್ಗವಿಲ್ಲದ ಹೀನ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ ಎಂದು ಗುರುತುಪತ್ರದ ಚಿತ್ರ ಕಳುಹಿಸಿ ನಂಬಿಕೆ ಗಳಿಸುವುದು ದೇಶದಲ್ಲೆಲ್ಲ ಕಂಡುಬಂದ ಉಪಾಯ. ಸಮವಸ್ತ್ರಕ್ಕೆ ನಾವು ಕೊಡುವ ಗೌರವವನ್ನೇ ಅವರು ಬಲೆಯಾಗಿ ಬಳಸುತ್ತಾರೆ.

ಹಾಗಾದರೆ ಕೊಳ್ಳುವುದು ಹೇಗೆ? ಹಗಲಿನಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ವಸ್ತುವನ್ನು ನಡೆಸಿ ನೋಡಿ. ಹಣ ಆಮೇಲೆ. ವಾಹನವಾದರೆ ನೋಂದಣಿ ಪತ್ರದ ಹೆಸರನ್ನೂ ಅದರ ಮೇಲೆ ಸಾಲವಿದೆಯೇ ಎಂಬುದನ್ನೂ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಸರಿನೋಡಿ. ಫೋನಾದರೆ ಅದರ 15 ಅಂಕೆಗಳ ಗುರುತು ಸಂಖ್ಯೆಯನ್ನು, ಕಳುವಾದ ಫೋನುಗಳಿಗಾಗಿ ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುವ ತಾಣದಲ್ಲಿ ಪರೀಕ್ಷಿಸಬಹುದು. ನೀವು ಮಾರುವವರಾದರೆ ಒಂದು ಮಾತನ್ನು ಗಂಟುಹಾಕಿಕೊಳ್ಳಿ: ಯುಪಿಐ ಮೂಲಕ ಹಣ ಬರುವುದಕ್ಕೆ ಗುಟ್ಟಿನ ಸಂಖ್ಯೆಯನ್ನು ಒತ್ತಬೇಕಾಗಿಲ್ಲ, ಯಾರೋ ಕಳುಹಿಸಿದ ಚೌಕದ ಚಿತ್ರವನ್ನು ಫೋನಿಗೆ ತೋರಿಸಬೇಕಾಗಿಲ್ಲ. ಅವೆರಡೂ ನಿಮ್ಮ ಹಣ ಹೊರಗೆ ಹೋಗುವ ಬಾಗಿಲುಗಳು.

ಇಷ್ಟಾಗಿಯೂ ಮೋಸವಾದರೆ ಸುಮ್ಮನೆ ಕೂರಬೇಡಿ. ಕೂಡಲೆ 1930ಕ್ಕೆ ಫೋನು ಮಾಡಿ. 1930ರ ಕಾಯಿದೆಗೂ ಈ ಸಂಖ್ಯೆಗೂ ಸಂಬಂಧವೇನೂ ಇಲ್ಲ. ನೆನಪಿಡಲು ಮಾತ್ರ ಅನುಕೂಲ. ಹಣ ಕೈಯಿಂದ ಕೈಗೆ ದಾಟಿಹೋಗುವ ಮುನ್ನ ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಏರ್ಪಾಟು ಅದು. ಆದ್ದರಿಂದ ಇಲ್ಲಿ ಒಂದೊಂದು ಗಳಿಗೆಗೂ ಬೆಲೆಯುಂಟು. ನಿಮ್ಮ ಬ್ಯಾಂಕಿಗೂ ತಿಳಿಸಿ. ಮಾತುಕತೆಯ ದಾಖಲೆ, ಹಣ ಸಂದಾಯದ ಸಂಖ್ಯೆ, ಜಾಹೀರಾತಿನ ಚಿತ್ರ ಇವನ್ನು ಅಳಿಸದೆ ಇಟ್ಟುಕೊಳ್ಳಿ. ಪೋಲೀಸು ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಜನರ ಬಾಯಲ್ಲಿ ‘ಚಾರ್‌ಸೌ ಬೀಸ್’ ಎಂದೇ ನಿಂತ ವಂಚನೆಯ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318 ಆಗಿದೆ, ಅಪರಾಧವೇನೂ ಮಾಸಿಲ್ಲ. ಮಾರಿದವನು ವರ್ತಕನಾದರೆ 1915 ಎಂಬ ಗ್ರಾಹಕ ಸಹಾಯವಾಣಿ ಇದೆ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಹೂಡಬಹುದು.

ವಂಚಕನಿಗೆ ದೊಡ್ಡ ನೆರವು ಕೊಡುವುದು ಮೋಸಹೋದವರ ನಾಚಿಕೆ. ಮಗನ ಓದಿಗೆಂದು ಹಳೆಯ ಕಂಪ್ಯೂಟರಿಗೆ ಕೂಡಿಟ್ಟ ಹಣ ಕಳೆದುಕೊಂಡ ತಾಯಿ, ‘ಜನ ನಕ್ಕಾರು’ ಎಂದು ಯಾರಿಗೂ ಹೇಳದೆ ನುಂಗಿಕೊಂಡರೆ, ಅವನು ಮರುದಿನವೇ ಪಕ್ಕದ ಮನೆಯ ಬಾಗಿಲು ತಟ್ಟುತ್ತಾನೆ. ಬಯಲಿನಲ್ಲಿ ಕೊಂಡು, ಮಾರಿದವನನ್ನು ತೋರಿಸಿಕೊಟ್ಟವನು ನಿರ್ದೋಷಿಯೆಂದು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಬರೆದ ಗ್ರಂಥವೇ ಹೇಳಿದೆ. ಇನ್ನು ನಾಚಿಕೆಪಡಬೇಕಾದವರು ನೀವಲ್ಲ. ಮನೆಯ ಹಿರಿಯರಿಗೂ ಹೊಸದಾಗಿ ಫೋನು ಹಿಡಿದ ಮಕ್ಕಳಿಗೂ ಈ ನಾಲ್ಕು ಲಕ್ಷಣಗಳನ್ನು ತಿಳಿಸಿರಿ. ಯಾರಾದರೂ ಮೋಸಹೋಗಿ ಬಂದರೆ ಗದರಿಸುವ ಮೊದಲು 1930ಕ್ಕೆ ಫೋನು ಮಾಡಿಸಿರಿ.