ಹೈದರಾಬಾದಿನ ಹೆಸರು ಹೊತ್ತ ವಿಮಾನ, ಅದರ ತಂತಿಗಳು

ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಆಗ ಮೊದಲ ಮಹಾಯುದ್ಧ ನಡೆದಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿ, ನಮ್ಮ ವಳಕಮದಿನ್ನಿ ಎಲ್ಲವೂ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಶಾಸನದ ಪಾಠ ಶಾಲೆಯಲ್ಲಿ ಓದಿದ್ದೇವೆ. ಅದೇ ಯುದ್ಧದಲ್ಲಿ ನಮ್ಮ ಸಂಸ್ಥಾನದ ದುಡ್ಡಿನಿಂದ ಬಾಂಬ್ ವಿಮಾನಗಳು ಹಾರಿದ ಪಾಠ ಮಾತ್ರ ಪುಸ್ತಕದಲ್ಲಿ ಇರಲಿಲ್ಲ.

ಬ್ರಿಟಿಷರ 110ನೇ ಸ್ಕ್ವಾಡ್ರನ್ ಹುಟ್ಟಿದ್ದು 1917ರ ನವೆಂಬರಿನಲ್ಲಿ. ಅದರ ವಿಮಾನಗಳು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಕೊಡುಗೆ. ಹಾಗೆಂದು ಪ್ರತಿ ವಿಮಾನದ ಮೇಲೂ ಬರೆಸಿದ್ದರು. ದಳಕ್ಕೆ 'ಹೈದರಾಬಾದ್ ಸ್ಕ್ವಾಡ್ರನ್' ಎಂದೇ ಹೆಸರಾಯಿತು. 1918ರಲ್ಲಿ ನಿಜಾಮರಿಗೆ ಬ್ರಿಟಿಷರಿಂದ 'ಹಿಸ್ ಎಕ್ಸಾಲ್ಟೆಡ್ ಹೈನೆಸ್' ಎಂಬ ಬಿರುದು ಬಂತು.

ದುಡ್ಡು ಸರ್ಕಾರಿ ಖಜಾನೆಯದು ಎನ್ನಿ, ಸರ್ಫ್-ಎ-ಖಾಸ್ ಎಂಬ ನಿಜಾಮರ ಸ್ವಂತ ಜಮೀನಿನದು ಎನ್ನಿ, ಎರಡಕ್ಕೂ ಬಹುಪಾಲು ತುಂಬಿದ್ದು ರೈತರೇ. ಆಗ ತುಂಗಭದ್ರಾ ಕಾಲುವೆ ಇರಲಿಲ್ಲ. ಮಳೆ ನಂಬಿದ ಜೋಳ, ಹತ್ತಿಯ ಹೊಲಗಳು. 1918ರಲ್ಲಿ ದೇಶದ ಬಹುಭಾಗದಲ್ಲಿ ಮಳೆ ಕೈಕೊಟ್ಟಿತು, ಬೆನ್ನಿಗೇ ಇನ್‌ಫ್ಲುಯೆಂಜಾ ಬಂತು. ಬಿರುದಿನ ಲೆಕ್ಕ ಬರೆಯುವವರು ಇದನ್ನೂ ಪಕ್ಕದಲ್ಲಿ ಬರೆಯಬೇಕು.

ಆ ವಿಮಾನದ ಹೆಸರು ಡಿಎಚ್-9ಎ. ಕೆಳಗೊಂದು ಮೇಲೊಂದು ರೆಕ್ಕೆ ಇರುವ ಬೈಪ್ಲೇನ್. ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 14 ಮೀಟರ್. 400 ಅಶ್ವಶಕ್ತಿಯ ಲಿಬರ್ಟಿ ಎಂಜಿನ್, ಇಬ್ಬರು ಕೂರುವ ಜಾಗ. ಮೈಯೆಲ್ಲ ಕಟ್ಟಿಗೆ ಮತ್ತು ಬಟ್ಟೆ. ಇಷ್ಟು ಹಗುರ ವಸ್ತು ಬಾಂಬ್ ಹೊತ್ತು ಮುರಿಯದೆ ಹಾರಿದ್ದು ತಂತಿಗಳಿಂದ.

ನಾಲ್ಕು ಬಿದಿರು ಕಟ್ಟಿ ಚೌಕ ಮಾಡಿ ನೋಡಿ, ಒತ್ತಿದರೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಎರಡು ಹಗ್ಗ ಅಡ್ಡ ಬಿಗಿದರೆ ಅಲುಗುವುದಿಲ್ಲ. ಎರಡು ರೆಕ್ಕೆ, ನಡುವಿನ ಕಂಬಗಳು, ಅವುಗಳ ಮಧ್ಯೆ ಓಡುವ ತಂತಿ: ಲೆಕ್ಕ ಇದೇ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಆಗ ಭಾರ ಹಿಡಿಯುವುದು ಒಡಲಿನ ಬುಡದಿಂದ ಹೊರಗಂಬದ ನೆತ್ತಿಗೆ ಹೋಗುವ ತಂತಿ. ನೆಲದ ಮೇಲೆ ನಿಂತಾಗ ರೆಕ್ಕೆ ಕೆಳಗೆ ಜೋಲುತ್ತದೆ. ಅದನ್ನು ಹಿಡಿಯುವುದು ಮೇಲಿನ ಮಧ್ಯದಿಂದ ಹೊರಗಂಬದ ಬುಡಕ್ಕೆ ಬರುವ ತಂತಿ. ಹಾರಾಟದಲ್ಲಿ ಭಾರ ಹೆಚ್ಚು, ಅದಕ್ಕೇ ಅಲ್ಲಿ ಸಾಮಾನ್ಯವಾಗಿ ಜೋಡಿ ತಂತಿ. ಹಗ್ಗದ ಹೊರಸು ಸಡಿಲಾದಾಗ ಎಳೆದು ಬಿಗಿಯುವ ಹಾಗೆ ಇವನ್ನೂ ನೋಡಿ ಬಿಗಿಯುತ್ತಲೇ ಇರಬೇಕಿತ್ತು. ಆ ಕೆಲಸಕ್ಕೇ ಬೇರೆ ಮೆಕ್ಯಾನಿಕ್‌ಗಳಿದ್ದರು, ಅವರನ್ನು ರಿಗ್ಗರ್ ಎನ್ನುತ್ತಿದ್ದರು.

ಇಂದು ಇದೇ ಕೆಲಸವನ್ನು ಮೇಜಿನ ಮೇಲೆ, ಪುಟ್ಟ ಪ್ಲಾಸ್ಟಿಕ್ ಮಾದರಿಯಲ್ಲಿ ಕಲಿಯಬಹುದು. 72ನೇ ಒಂದು ಅಳತೆಯಲ್ಲಿ ಡಿಎಚ್-9ಎ ಇಪ್ಪತ್ತು ಸೆಂಟಿಮೀಟರಿಗೂ ಚಿಕ್ಕದು, ತಂತಿ ಕೂದಲಿನಷ್ಟು. ಹೊಸಬರು ಮೊದಲೇ ಇದಕ್ಕೆ ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಪ್ರತಿ ಬದಿಗೆ ಎರಡೆರಡು ಸಾಲು ಕಂಬಗಳಿವೆ. ಒಂದೇ ಸಾಲು ಇರುವ ಟೈಗರ್ ಮಾತ್‌ನಿಂದ ಶುರು ಮಾಡಿ. ಅದೂ ನಮಗೆ ಪರಕೀಯವಲ್ಲ. ಎರಡನೇ ಮಹಾಯುದ್ಧದಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಪೈಲಟ್‌ಗಳು ಕಲಿತದ್ದು ಅದರಲ್ಲೇ.

ಮೇಲಿನ ರೆಕ್ಕೆ ಅಂಟಿಸುವ ಮೊದಲೇ ತಂತಿ ಸೇರುವ ಜಾಗಗಳಲ್ಲಿ ಸಣ್ಣ ತೂತು ಕೊರೆದು, ಬಣ್ಣ ಮುಗಿಸಿಕೊಳ್ಳಬೇಕು. ಆಮೇಲೆ ಬ್ರಷ್ ಒಳಗೆ ಹೋಗದು. ದಾರ ಒಳಗಿನಿಂದ ಹೊರಕ್ಕೆ ಕಟ್ಟುತ್ತ ಬನ್ನಿ. ಎಡಕ್ಕೊಂದು ಕಟ್ಟಿದರೆ ಬಲಕ್ಕೂ ಅದೇ, ಇಲ್ಲದಿದ್ದರೆ ರೆಕ್ಕೆ ಒಂದು ಕಡೆ ಸೊಟ್ಟಗಾಗುತ್ತದೆ. ಹೊಸಬರಿಗೆ ಎಲಾಸ್ಟಿಕ್ ದಾರ ಒಳ್ಳೆಯದು, ಕೈ ತಗುಲಿದರೂ ಹರಿಯದು. ಅದನ್ನು ಜಾಸ್ತಿ ಎಳೆದರೆ ಕಂಬ ಬಾಗುತ್ತದೆ, ನೆಟ್ಟಗಾಗುವಷ್ಟೇ ಸಾಕು. ದುಡ್ಡು ಖರ್ಚಾಗದ ದಾರಿಯೂ ಇದೆ. ಕಿಟ್‌ನಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಮೆತ್ತಗಾದಾಗ ಎರಡೂ ಕಡೆ ಎಳೆದರೆ ಸಣ್ಣ ಎಳೆ ಸಿಗುತ್ತದೆ. ಅಂಟಿಸಿದ ಮೇಲೆ ಜೋತಿದ್ದರೆ ಉರಿಯುವ ಊದುಬತ್ತಿಯ ತುದಿ ಹತ್ತಿರ ತನ್ನಿ, ಮುಟ್ಟಿಸಬೇಡಿ. ಎಳೆ ತಾನೇ ಬಿಗಿಯಾಗುತ್ತದೆ.

ಹೈದರಾಬಾದ್ ಸ್ಕ್ವಾಡ್ರನ್ ಫ್ರಾನ್ಸಿಗೆ ಹೋದದ್ದು 1918ರ ಸೆಪ್ಟೆಂಬರಿನಲ್ಲಿ. ನವೆಂಬರ್ 11ಕ್ಕೆ ಯುದ್ಧವೇ ನಿಂತಿತು. ಅಷ್ಟರಲ್ಲಿ ಜರ್ಮನಿಯ ಮೇಲೆ ಹತ್ತೂವರೆ ಟನ್ ಬಾಂಬ್ ಹಾಕಿ, ಶತ್ರುವಿನ ಕೈಯಲ್ಲಿ 17 ವಿಮಾನ ಕಳೆದುಕೊಂಡಿತ್ತು. ಅಕ್ಟೋಬರ್ 5ರಂದು ಹೋದ ಎಫ್1010 ಎಂಬ ವಿಮಾನ ಹಿಂತಿರುಗಲಿಲ್ಲ. ಒಳಗಿದ್ದ ಇಬ್ಬರೂ ಸೆರೆಯಾದರು.

ವಿಮಾನವನ್ನು ಜರ್ಮನರು ಬರ್ಲಿನ್ ಮ್ಯೂಸಿಯಂನಲ್ಲಿ ಇಟ್ಟುಕೊಂಡರು. ಎರಡನೇ ಮಹಾಯುದ್ಧದ ಗದ್ದಲದಲ್ಲಿ ಅದು ಪೋಲೆಂಡ್ ಸೇರಿ ಕ್ರಾಕೋವ್‌ನಲ್ಲಿ ಉಳಿಯಿತು. 1977ರಲ್ಲಿ ಇಂಗ್ಲೆಂಡಿನವರು ಅದಕ್ಕೆ ಬದಲಾಗಿ ಒಂದು ಸ್ಪಿಟ್‌ಫೈರ್ ಕೊಟ್ಟು ವಾಪಸ್ ತಂದರು. ಬಂದಾಗ ರೆಕ್ಕೆ ಇರಲಿಲ್ಲ. ಹೊಸದಾಗಿ ಮಾಡಿ, ಕಂಬ ನಿಲ್ಲಿಸಿ, ತಂತಿಯನ್ನೂ ಹೊಸದಾಗಿ ಬಿಗಿದರು. ಈಗ ಅದು ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ ಮ್ಯೂಸಿಯಂನಲ್ಲಿದೆ.

ಅದನ್ನೇ ಮಾದರಿಯಾಗಿ ಮಾಡುವವರಿಗೆ ಒಂದು ಮಾತು. ವಿಮಾನದ ಮೈಮೇಲಿನ 'ಹೈದರಾಬಾದ್' ಅಕ್ಷರಗಳನ್ನು ದಾರ ಕಟ್ಟುವ ಮೊದಲೇ ಅಂಟಿಸಿಕೊಳ್ಳಿ. ಕಟ್ಟಿದ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ.