ಮಂಡ್ಯದ ಸರ್ವರ್ ಬಿದ್ದರೆ ಮಳವಳ್ಳಿಯ ಲಾಗಿನ್ ಏನಾಗುತ್ತದೆ?

ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸುವ ‘ಭೂಮಿ’ ಯೋಜನೆಯ ಆರಂಭದ ಪ್ರಯೋಗಗಳು ನಡೆದ ಜಾಗಗಳಲ್ಲಿ ಮದ್ದೂರು ತಾಲ್ಲೂಕು ಕಚೇರಿಯೂ ಒಂದು. ಆಗ ಸರ್ಕಾರ ಎರಡು ವಿಷಯಗಳಲ್ಲಿ ಕಟ್ಟುನಿಟ್ಟು ಮಾಡಿತು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು. ಹಳೆಯ ಪುಸ್ತಕ, ಹೊಸ ಪುಸ್ತಕ ಎರಡೂ ಚಾಲ್ತಿಯಲ್ಲಿದ್ದರೆ ಯಾವುದು ನಿಜವೆಂದು ತೀರ್ಮಾನಿಸಲು ಕೋರ್ಟಿಗೇ ಹೋಗಬೇಕಾಗುತ್ತದೆ ಎಂಬುದು ಕಂದಾಯ ಇಲಾಖೆಗೆ ಚೆನ್ನಾಗಿ ಗೊತ್ತಿತ್ತು. ನೆಟ್‌ವರ್ಕ್‌ನಲ್ಲಿ ಯಾರು ಯಾರು, ಯಾರಿಗೆ ಏನು ಅಧಿಕಾರ ಎಂದು ಬರೆದಿಡುವ ಡೈರೆಕ್ಟರಿ ಸರ್ವರ್‌ಗಳ ಜಗತ್ತು ಇದನ್ನೇ ಕಲಿಯಲು ಬಹಳ ವರ್ಷ ತೆಗೆದುಕೊಂಡಿತು.

ಡೈರೆಕ್ಟರಿಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1988ರಲ್ಲಿ, ಎಕ್ಸ್.500 ಎಂಬ ಹೆಸರಿನಲ್ಲಿ. ಅದು ಸಣ್ಣ ಕಂಪ್ಯೂಟರುಗಳಿಗೆ ಹೊರಲಾರದಷ್ಟು ಭಾರವಾಗಿತ್ತು. ಮಿಷಿಗನ್ ವಿಶ್ವವಿದ್ಯಾಲಯದವರು ಅದನ್ನು ಇಳಿಸಿ ಹಗುರ ಮಾಡಿದ್ದೇ 1993ರ ಎಲ್‌ಡ್ಯಾಪ್. ಅದೇ ವರ್ಷ ನೊವೆಲ್ ಕಂಪನಿ ನೆಟ್‌ವೇರ್ 4ರ ಜೊತೆ ತನ್ನ ಡೈರೆಕ್ಟರಿಯನ್ನು ತಂದಿತು. ತಾಂತ್ರಿಕವಾಗಿ ಅದು ಕಾಲಕ್ಕಿಂತ ಮುಂದಿತ್ತು, ಆದರೆ ಮಾರುಕಟ್ಟೆ ವಿಂಡೋಸ್ ಎನ್‌ಟಿಯ ಪಾಲಾಯಿತು.

ಎನ್‌ಟಿಯ ಏರ್ಪಾಡು ಸರಳ. ಒಂದೇ ಖಾತೆ ಪಟ್ಟಿಯಡಿ ಬರುವ ಕಂಪ್ಯೂಟರುಗಳ ಗುಂಪೇ ಡೊಮೇನ್. ಅದಕ್ಕೆ ಒಬ್ಬನೇ ಬರೆಯುವವನು, ಪ್ರೈಮರಿ ಕಂಟ್ರೋಲರ್. ಉಳಿದ ಬ್ಯಾಕಪ್ ಕಂಟ್ರೋಲರುಗಳದು ನಕಲು ಇಟ್ಟುಕೊಂಡು ಓದಿ ಹೇಳುವ ಕೆಲಸವಷ್ಟೆ. ಉದಾಹರಣೆಗೆ, ಮಂಡ್ಯದ ಪ್ರೈಮರಿ ಕೆಟ್ಟು ಕೂತರೆ ಮಳವಳ್ಳಿಯವರು ಲಾಗಿನ್ ಆಗಬಹುದು, ಪಾಸ್‌ವರ್ಡ್ ಬದಲಿಸಲಾಗದು. ಯಾವುದಾದರೂ ಬ್ಯಾಕಪ್‌ಗೆ ಬಡ್ತಿ ಕೊಟ್ಟರೆ ಸಮಸ್ಯೆ ಮುಗಿಯಿತು. ಆದರೆ ಒಂದು ಡೊಮೇನಿಗೆ ಸುಮಾರು 40,000 ಖಾತೆಗಳ ಮಿತಿ ಇತ್ತು. ಹಾಗಾಗಿ ದೊಡ್ಡ ಸಂಸ್ಥೆಗಳು ಡೊಮೇನ್ ಮೇಲೆ ಡೊಮೇನ್ ಕಟ್ಟಿ, ಪ್ರತಿ ಜೋಡಿಯ ನಡುವೆ ಕೈಯಾರೆ ವಿಶ್ವಾಸದ ಸಂಬಂಧ ಬೆಸೆಯುತ್ತ ಸುಸ್ತಾದವು.

2000ದ ಫೆಬ್ರುವರಿಯಲ್ಲಿ ವಿಂಡೋಸ್ 2000 ಜೊತೆ ಬಂದ ಆಕ್ಟಿವ್ ಡೈರೆಕ್ಟರಿ ಈ ಯಜಮಾನಿಕೆಯನ್ನು ತೆಗೆದುಹಾಕಿತು. ಎಲ್ಲ ಕಂಟ್ರೋಲರುಗಳೂ ಬರೆಯಬಹುದು, ಬರೆದದ್ದು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಆದರೂ ಐದು ಕೆಲಸಗಳನ್ನು ಒಬ್ಬೊಬ್ಬರಿಗೇ ಬಿಡಬೇಕಾಯಿತು. ನಮೂದುಗಳ ಚೌಕಟ್ಟಾದ ಸ್ಕೀಮಾ ಬದಲಿಸುವುದು ಒಂದು, ಡೊಮೇನ್ ಸೇರಿಸುವುದು ಮತ್ತು ತೆಗೆಯುವುದು ಇನ್ನೊಂದು, ಇವು ಡೊಮೇನುಗಳ ಇಡೀ ಗುಂಪಾದ ಫಾರೆಸ್ಟಿಗೆ ಒಂದೊಂದೇ. ಹೊಸ ಖಾತೆಗಳಿಗೆ ಗುರುತಿನ ಸಂಖ್ಯೆ ಹಂಚುವ ರಿಡ್ ಮಾಸ್ಟರ್, ಹಳೆಯ ಪ್ರೈಮರಿಯ ಪಾತ್ರ ಆಡುವ ಪಿಡಿಸಿ ಎಮ್ಯುಲೇಟರ್, ಬೇರೆ ಡೊಮೇನಿನ ಹೆಸರುಗಳ ಲೆಕ್ಕ ಸರಿಪಡಿಸುವ ಇನ್‌ಫ್ರಾಸ್ಟ್ರಕ್ಚರ್ ಮಾಸ್ಟರ್, ಈ ಮೂರು ಪ್ರತಿ ಡೊಮೇನಿಗೂ ಬೇಕು.

ಮಂಡ್ಯದಲ್ಲಿ ಕೇಂದ್ರ ಕಚೇರಿ, ಮದ್ದೂರು ಮತ್ತು ಮಳವಳ್ಳಿಯಲ್ಲಿ ಶಾಖೆಗಳಿರುವ ಒಂದು ಸಹಕಾರಿ ಸಂಸ್ಥೆ ಇದೆ ಎಂದುಕೊಳ್ಳೋಣ. ಮೂರು ಊರಿಗೆ ಮೂರು ಡೊಮೇನ್ ಮಾಡಿದರೆ ಫಾರೆಸ್ಟಿನ ಎರಡು, ಡೊಮೇನುಗಳ ಒಂಬತ್ತು, ಒಟ್ಟು ಹನ್ನೊಂದು ಪಾತ್ರ ಹಂಚಬೇಕು. ಪ್ರತಿ ಡೊಮೇನಿಗೆ ಕನಿಷ್ಠ ಎರಡು ಕಂಟ್ರೋಲರ್ ಎಂದರೆ ಆರು ಸರ್ವರ್. 2000ದ ಸುಮಾರಿಗೆ ಇಂಥ ಕಟ್ಟೋಣವೇ ಫ್ಯಾಷನ್. ಕೆಲವರಂತೂ ಮೇಲೊಂದು ಖಾಲಿ ಮೂಲ ಡೊಮೇನನ್ನೂ ಕೂರಿಸುತ್ತಿದ್ದರು. ಭದ್ರತೆಯ ನಿಜವಾದ ಗಡಿ ಫಾರೆಸ್ಟ್, ಡೊಮೇನ್ ಅಲ್ಲ ಎಂದು ಮೈಕ್ರೋಸಾಫ್ಟೇ ಆಮೇಲೆ ಸ್ಪಷ್ಟಪಡಿಸಿದ ಮೇಲೆ ಆ ಹುರುಪು ಇಳಿಯಿತು. ಮೂರು ತಾಲ್ಲೂಕಿನ ಸಂಸ್ಥೆಗೆ ಒಂದೇ ಡೊಮೇನ್, ಅದರೊಳಗೆ ಊರಿಗೊಂದರಂತೆ ಮೂರು ಸೈಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಶಾಖೆಯ ಕೋಣೆಗೆ ಸರಿಯಾದ ಬೀಗವಿಲ್ಲದಿದ್ದರೆ 2008ರ ಆವೃತ್ತಿಯಿಂದ ಸಿಗುವ, ಓದಲಷ್ಟೇ ಬರುವ ಕಂಟ್ರೋಲರ್ ಇಡಬಹುದು.

ಡೊಮೇನುಗಳು ಮೂರೇ ಇರಲಿ ಎನ್ನುವವರು ಒಂದು ಹಳೆಯ ನಿಯಮ ಗಮನಿಸಬೇಕು. ಇನ್‌ಫ್ರಾಸ್ಟ್ರಕ್ಚರ್ ಮಾಸ್ಟರ್ ಪಾತ್ರವನ್ನು ಇಡೀ ಫಾರೆಸ್ಟಿನ ಸೂಚಿ ಇಟ್ಟುಕೊಂಡ ಗ್ಲೋಬಲ್ ಕ್ಯಾಟಲಾಗ್ ಸರ್ವರಿಗೆ ಕೊಡಬಾರದು. ಎಲ್ಲ ಹೆಸರೂ ತನ್ನಲ್ಲೇ ಇರುವುದರಿಂದ ಹಳಸಿದ ನಮೂದು ಅದರ ಕಣ್ಣಿಗೇ ಬೀಳುವುದಿಲ್ಲ. ಡೊಮೇನಿನ ಎಲ್ಲ ಕಂಟ್ರೋಲರುಗಳನ್ನೂ ಕ್ಯಾಟಲಾಗ್ ಮಾಡಿಬಿಟ್ಟರೆ ಈ ತಲೆನೋವೇ ಇಲ್ಲ, ಇಂದು ಹೆಚ್ಚಿನವರು ಮಾಡುವುದೂ ಅದನ್ನೇ.

ಪಾತ್ರಗಳನ್ನು ಎಲ್ಲಿಡಬೇಕು ಎಂದು ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ, ಇಟ್ಟದ್ದು ಬಿದ್ದರೆ ಏನು ಎಂಬುದಕ್ಕೆ ಐದು ನಿಮಿಷವೂ ಸಿಗುವುದಿಲ್ಲ. ಸ್ಕೀಮಾ ಮಾಸ್ಟರ್ ತಿಂಗಳು ಮಲಗಿದರೂ ಯಾರಿಗೂ ತಿಳಿಯದೆ ಹೋಗಬಹುದು. ರಿಡ್ ಮಾಸ್ಟರ್ ಸಂಖ್ಯೆಗಳನ್ನು 500ರ ಕಂತಿನಲ್ಲಿ ಕೊಟ್ಟಿರುತ್ತದೆ, ಅವು ತೀರುವವರೆಗೆ ಹೊಸ ಖಾತೆಗಳೂ ನಿಲ್ಲುವುದಿಲ್ಲ. ಬೇಗ ಚುರುಕು ಮುಟ್ಟಿಸುವುದು ಪಿಡಿಸಿ ಎಮ್ಯುಲೇಟರ್ ಒಂದೇ. ಗಡಿಯಾರಗಳು ಅದನ್ನೇ ಅನುಸರಿಸುತ್ತವೆ, ಸಮಯ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಗುರುತು ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಲಾಗಿನ್ ನಿರಾಕರಿಸುತ್ತದೆ.

ಸತ್ತ ಸರ್ವರಿನ ಪಾತ್ರವನ್ನು ಬಲವಂತವಾಗಿ ಕಿತ್ತು ಇನ್ನೊಂದಕ್ಕೆ ಕೊಡಬಹುದು. ಮೂಲ ಸರ್ವರ್ ಮತ್ತೆ ನೆಟ್‌ವರ್ಕಿಗೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಅದಕ್ಕೆ ಕೈ ಹಾಕಬೇಕು. ರಿಪೇರಿಯಾಗಿ ಬಂದ ಹಳೆಯ ರಿಡ್ ಮಾಸ್ಟರ್ ತಾನೂ ಸಂಖ್ಯೆ ಹಂಚತೊಡಗಿದರೆ ಇಬ್ಬರಿಗೆ ಒಂದೇ ಗುರುತು ಬೀಳಬಹುದು. ಕೈಬರಹದ ಪಹಣಿಯನ್ನು ಮದ್ದೂರಿನಲ್ಲಿ ಯಾಕೆ ರದ್ದು ಮಾಡಿದರು ಎಂಬುದು ಇಲ್ಲಿ ಮತ್ತೆ ಅರ್ಥವಾಗುತ್ತದೆ. ಡಿಸ್ಕಿನ ಹಳೆಯ ಪಡಿಯಚ್ಚನ್ನು ತಂದು ಹಾಕುವವರಿಗೂ ಇದೇ ಗತಿ. ಸರ್ವರ್ ಹಿಂದಿನ ಕಾಲಕ್ಕೆ ಜಾರಿದ್ದು ಜೊತೆಗಾರ ಸರ್ವರುಗಳಿಗೆ ತಿಳಿಯದೆ, ಬದಲಾವಣೆಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ವರ್ಚುವಲ್ ಯಂತ್ರಗಳಿಗೆ ಇದರಿಂದ ರಕ್ಷಣೆ ಬಂದದ್ದು 2012ರ ಆವೃತ್ತಿಯಲ್ಲಿ. ಅಳಿಸಿದ ನಮೂದಿನ ಗುರುತು ಮೊದಲು 60 ದಿನ ಉಳಿಯುತ್ತಿತ್ತು, 2003ರ ಮೊದಲ ಸರ್ವಿಸ್ ಪ್ಯಾಕಿನಿಂದ ಹೊಸ ಫಾರೆಸ್ಟುಗಳಲ್ಲಿ 180 ದಿನ. ಅದಕ್ಕಿಂತ ಹಳೆಯ ಬ್ಯಾಕಪ್ ಇದ್ದೂ ಇಲ್ಲದಂತೆ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಮಾಲ್‌ವೇರಿನ ಹಾವಳಿ ಹಡಗು ಕಂಪನಿ ಮರ್ಸ್ಕ್ ಅನ್ನು ಹೊಡೆದಾಗ ಈ ಶಾಸ್ತ್ರದ ದೊಡ್ಡ ಪರೀಕ್ಷೆ ನಡೆಯಿತು. ಸುಮಾರು 150 ಕಂಟ್ರೋಲರುಗಳು ಒಂದಕ್ಕೊಂದು ಬ್ಯಾಕಪ್ ಎಂದು ನಂಬಿ ಕೂತಿದ್ದವು, ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾದ ಒಂದೇ ಸರ್ವರ್, ಅದೂ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ. ಲೋಡ್ ಶೆಡ್ಡಿಂಗನ್ನು ಬೈಯುವ ನಮಗೆ ಇದು ಸ್ವಲ್ಪ ಕಸಿವಿಸಿಯ ಸುದ್ದಿ. ಅಲ್ಲಿನ ಇಂಟರ್ನೆಟ್ ನಿಧಾನ, ಅಲ್ಲಿನ ಸಿಬ್ಬಂದಿಗೆ ಬ್ರಿಟಿಷ್ ವೀಸಾ ಇಲ್ಲ. ಕೊನೆಗೆ ಒಬ್ಬರು ಡಿಸ್ಕ್ ಹಿಡಿದು ನೈಜೀರಿಯಾದವರೆಗೆ ಹಾರಿ, ಇಂಗ್ಲೆಂಡಿಗೆ ಹೊರಟ ಇನ್ನೊಬ್ಬರ ಕೈಗಿತ್ತರು.

ಇಡೀ ಫಾರೆಸ್ಟನ್ನು ಎಬ್ಬಿಸುವ ಕ್ರಮ ಈಗ ಸ್ಪಷ್ಟವಾಗಿ ಬರೆದಿಟ್ಟದ್ದಿದೆ. ಮೊದಲು ಮೂಲ ಡೊಮೇನ್, ಆಮೇಲೆ ಮಕ್ಕಳು. ಪ್ರತಿ ಡೊಮೇನಿಗೆ ಒಂದೇ ಕಂಟ್ರೋಲರನ್ನು ಬ್ಯಾಕಪ್‌ನಿಂದ ತಂದು, ಪಾತ್ರಗಳನ್ನೆಲ್ಲ ಅದಕ್ಕೇ ಕಟ್ಟಿ, ರಿಡ್ ಸಂಖ್ಯೆಯನ್ನು ಒಂದು ಲಕ್ಷ ಮುಂದಕ್ಕೆ ತಳ್ಳಿ, ಕರ್ಬರೋಸ್ ಬಳಸುವ ಕೆಆರ್‌ಬಿಟಿಜಿಟಿ ಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು. ಉಳಿದವನ್ನು ಹೊಸದಾಗಿಯೇ ಕಟ್ಟಬೇಕು. ಇಷ್ಟಕ್ಕೂ ಮುನ್ನ ರಿಸ್ಟೋರ್ ಮೋಡ್‌ಗೆ ಹೋಗಲು ಒಂದು ಬೇರೆಯೇ ಪಾಸ್‌ವರ್ಡ್ ಬೇಕು. ಸರ್ವರ್ ಮೊದಲ ಸಲ ಕಂಟ್ರೋಲರ್ ಆದ ದಿನ ಯಾರೋ ಅದನ್ನು ಕೊಟ್ಟಿರುತ್ತಾರೆ, ಅವರಿಗೆ ಈಗ ಬೇರೆ ಜಿಲ್ಲೆಗೆ ವರ್ಗವಾಗಿರುತ್ತದೆ. ಅದನ್ನು ಬರೆದು ಲಕೋಟೆಗೆ ಹಾಕಿ ಮಂಡ್ಯದ ಕಚೇರಿಯ ತಿಜೋರಿಯಲ್ಲಿಟ್ಟು, ಇನ್ನೊಂದು ಪ್ರತಿಯನ್ನು ಮದ್ದೂರಿಗೆ ಕಳಿಸಲು ಅರ್ಧ ದಿನವೂ ಹಿಡಿಯದು.