ಮಂಗ ಸತ್ತ ಲೆಕ್ಕ

ಆರೋಗ್ಯ ಸಹಾಯಕನಾಗಿ ನಾನು ಸಾಗರದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಸೇರಿದ್ದು 1990ರಲ್ಲಿ. ಮೊದಲ ದಿನವೇ ಎರಡು ವಸ್ತುಗಳನ್ನು ಕೈಗೆ ಕೊಟ್ಟರು. ಒಂದು, ಹೆಗಲಿಗೆ ನೇತುಹಾಕಿಕೊಳ್ಳುವ ಲಸಿಕೆ ಡಬ್ಬ, ಒಳಗೆ ಐಸು. ಇನ್ನೊಂದು, ಮೂಲೆ ಹರಿದ ಉದ್ದನೆಯ ರಿಜಿಸ್ಟರು. ಜ್ವರ ಬಂದವರ ಹೆಸರು ಹುಡುಕಿ ಪುಟ ತಿರುವಿದರೆ ಅದರಲ್ಲಿ ಮೊದಲು ಇದ್ದದ್ದು ಮನುಷ್ಯರಲ್ಲ, ಮಂಗಗಳು. ಯಾವ ತಾರೀಖು, ಯಾವ ಹಕ್ಕಲು, ಮುಸಿಯವೋ ಕೆಂಪು ಮಂಗವೋ, ಹೆಣ ಹೊಸದೋ ಕೊಳೆತದ್ದೋ. ಮನುಷ್ಯರ ಪಟ್ಟಿ ಹಿಂದಿನ ಪುಟಗಳಲ್ಲಿತ್ತು. ಈ ಕ್ರಮ ತಲೆಕೆಳಗಾಗಿದೆ ಅಂದುಕೊಂಡೆ. ಅದೇ ಸರಿ ಎಂದು ತಿಳಿಯಲು ಎರಡು ಬೇಸಿಗೆ ಬೇಕಾಯಿತು.

ನನ್ನ ಸೋದರಮಾವ ಸೊರಬ ತಾಲ್ಲೂಕಿನವರು. 1957ರಲ್ಲಿ ಅವರು ಹದಿನೈದರ ಹುಡುಗ. ಆ ವರ್ಷದ ಬಗ್ಗೆ ಅವರು ಹೇಳುತ್ತಿದ್ದದ್ದು ಇಷ್ಟೇ: ‘ಬಾಳೆಗೆ ಕಾವಲು ಬೇಕಾಗ್ಲಿಲ್ಲ ಮಾರಾಯ. ಮಂಗನ ಕಾಟ ತಪ್ಪಿತು ಅಂತ ನಾವು ಖುಷಿಯಾಗಿದ್ವಿ.’ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಕಾಡಿಗೆ ಹೋಗಿ ಬಂದವರು ಒಬ್ಬೊಬ್ಬರಾಗಿ ಮಲಗಿದರು. ದಿಢೀರನೆ ಏರುವ ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮುರಿದ ಹಾಗೆ ನೋವು, ಕೆಲವರಿಗೆ ಮೂಗು ವಸಡಿನಿಂದ ರಕ್ತ. ಮೊದಲು ಎಲ್ಲರೂ ವಿಷಮಶೀತ ಜ್ವರ ಅಂದರು. ಆದರೆ ಕಾಡಿನಲ್ಲಿ ಸಾಯುತ್ತಿದ್ದ ಮಂಗಗಳಿಗೆ ಯಾಕೆ ವಿಷಮಶೀತ ಬರಬೇಕು?

ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿತ್ತು. ಕಾಡಿನಲ್ಲಿ ಮಂಗ ಸಾಯುವುದು, ಜೊತೆಗೆ ಊರಲ್ಲಿ ಜ್ವರ ಎಂದರೆ ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದ ಗುರುತು. ಏಷ್ಯಾದಲ್ಲಿ ಆವರೆಗೆ ಕಾಣದ ಆ ರೋಗ ಬಂದೇಬಿಟ್ಟಿತೇ ಎಂಬ ಭಯದಲ್ಲಿ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮುಂತಾದ ವಿಜ್ಞಾನಿಗಳು ಮಲೆನಾಡಿಗೆ ಬಂದರು. ಸಿಕ್ಕಿದ್ದು ಹಳದಿ ಜ್ವರವಲ್ಲ, ಜಗತ್ತಿಗೇ ಹೊಸದಾದ ಒಂದು ವೈರಸ್. ಅದರ ದಾಯಾದಿ ಇದ್ದದ್ದು ದೂರದ ರಷ್ಯಾದ ಕಾಡುಗಳಲ್ಲಿ. ಹೊಸ ವೈರಸ್‌ಗೆ ಅದು ಮೊದಲು ಸಿಕ್ಕ ಕ್ಯಾಸನೂರು ಕಾಡಿನ ಹೆಸರು ಬಿತ್ತು. ನಮ್ಮವರು ಮಾತ್ರ ಅದನ್ನು ಮಂಗನ ಕಾಯಿಲೆ ಎಂದೇ ಕರೆದರು. ಆ ಮೊದಲ ವರ್ಷ ದಾಖಲಾದ ರೋಗಿಗಳು 466, ಮರುವರ್ಷ 181.

ರೋಗ ಹರಡುವುದು ಮಂಗದಿಂದಲ್ಲ, ಉಣುಗಿನಿಂದ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಅಲ್ಲೇ ಸುತ್ತಮುತ್ತ ಚೆದುರುತ್ತವೆ. ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ಎಳ್ಳುಕಾಳಿನಷ್ಟೂ ಇರುವುದಿಲ್ಲ. ಮಂಡಿಯ ಹಿಂದೆ, ಸೊಂಟದ ದಾರದ ಕೆಳಗೆ ಕೂತರೆ ತುರಿಕೆ ಬರುವ ತನಕ ಗೊತ್ತಾಗದು. ಅವು ಹೆಚ್ಚುವುದು ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇ ತನಕ. ಮಲೆನಾಡಿನವರು ಕೊಟ್ಟಿಗೆಗೆ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವುದೂ ಆಗಲೇ. ದನಕರುಗಳು ಮೇಯ್ದು ಬರುವಾಗ ಉಣುಗನ್ನು ಹೊತ್ತು ತರುತ್ತವೆ, ಸಾಕುತ್ತವೆ, ತಾವು ಮಾತ್ರ ಮಲಗುವುದಿಲ್ಲ. ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲೇ ಬರೆದರು: ಜನ ಹೆಚ್ಚಿ, ಕಾಡು ಕಡಿದು, ದನ ಒಳಗೆ ನುಗ್ಗಿದ್ದರಿಂದ ಕಾಡಿನೊಳಗೇ ಸುತ್ತುತ್ತಿದ್ದ ರೋಗ ಊರಿಗೆ ಬಂತು.

ಇನ್ನು ಲಸಿಕೆಯ ಕತೆ. ಮೊದಲು ಹಾಕಿದ್ದು ಎರವಲು ಲಸಿಕೆ. ವೈರಸ್ ರಷ್ಯಾದ ಮಿದುಳುಜ್ವರಕ್ಕೆ ಹತ್ತಿರದ್ದು ತಾನೆ ಎಂದು, ಆ ರೋಗಕ್ಕೆ ಇಲಿಯ ಮಿದುಳಿನಿಂದ ಮಾಡಿದ್ದ ಲಸಿಕೆಯನ್ನು ಐವತ್ತರ ದಶಕದ ಕೊನೆಯಲ್ಲಿ ಇಲ್ಲಿಯ ಸಾವಿರಾರು ಜನಕ್ಕೆ ಚುಚ್ಚಿದರು. ತಡೆ ಸಿಗಲಿಲ್ಲ. ದಾಯಾದಿಯ ಬೀಗದ ಕೈ ನಮ್ಮ ಬಾಗಿಲಿಗೆ ಹೊಂದಲಿಲ್ಲ. ನಮ್ಮದೇ ವೈರಸ್‌ನಿಂದ, ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಮಾಡಿದ ಲಸಿಕೆ ಹಳ್ಳಿಗಳಿಗೆ ಬಂದದ್ದು ನಾನು ಕೆಲಸಕ್ಕೆ ಸೇರಿದ ಹೊತ್ತಿಗೆ. ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲಿ. 7ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ವರ್ಷ ವರ್ಷವೂ.

ಹೇಳಿದಷ್ಟು ಸುಲಭವಲ್ಲ ಅದು. ಆ ಸೂಜಿ ಉರಿಯುತ್ತಿತ್ತು. ಎರಡನೇ ಸಲ ಹೋದಾಗ ಒಬ್ಬ ತಾಯಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ನನ್ನ ಡಬ್ಬ ನೋಡಿದವರೇ ಮೆಟ್ಟುಗತ್ತಿ ಬದಿಗಿಟ್ಟು ತೋಳು ಮುಚ್ಚಿಕೊಂಡರು. ‘ಬ್ಯಾಡ ಸಾರ್. ಹೋದ ತಿಂಗಳು ಚುಚ್ಚಿಸ್ಕಂಡು ಮೂರು ದಿನ ಕೈ ಎತ್ತಕ್ಕಾಗ್ಲಿಲ್ಲ. ಮೂರು ದಿನದ ಕೂಲಿ ನೀವು ಕೊಡ್ತೀರಾ?’ ನನ್ನ ಹತ್ತಿರ ಉತ್ತರವಿರಲಿಲ್ಲ. ರಿಜಿಸ್ಟರಿನ ಎರಡನೇ ಡೋಸಿನ ಕಾಲಮಿನಲ್ಲಿ ಆ ದಿನ ಎಳೆದ ಅಡ್ಡಗೆರೆಗಳನ್ನು ಎಣಿಸಲೂ ಮನಸ್ಸಾಗಲಿಲ್ಲ.

ಆ ಅಡ್ಡಗೆರೆಗಳ ಬೆಲೆ ಆಮೇಲೆ ಅಚ್ಚಾಯಿತು. 1994ರಲ್ಲಿ ಪ್ರಕಟವಾದ ಮೊದಲ ಅಧ್ಯಯನ ಒಂದು ಡೋಸಿಗೆ ಶೇ. 79, ಎರಡಕ್ಕೆ ಶೇ. 93 ರಕ್ಷಣೆ ಎಂದಿತ್ತು. 2005ರಿಂದ 2010ರವರೆಗಿನ ಲೆಕ್ಕ ತೆಗೆದ ಇನ್ನೊಂದು ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇ. 62ಕ್ಕೆ ಇಳಿದಿತ್ತು, ಬೂಸ್ಟರ್ ಕೂಡಾ ಪಡೆದವರಿಗೆ ಶೇ. 83. ಮೂರನೆಯ ಸಲವೂ ತೋಳು ಕೊಟ್ಟವರು ಗೆದ್ದರು ಎಂದಾಯಿತು. ಅಂಥವರು ನನ್ನ ಹಳ್ಳಿಗಳಲ್ಲಿ ಬೆರಳೆಣಿಕೆ.

ಪರೀಕ್ಷೆಯದ್ದು ಬೇರೆಯೇ ಪಾಡು. ಜ್ವರದವರ ರಕ್ತವನ್ನು ಸೀಸೆಗೆ ಹಾಕಿ, ಐಸಿನ ನಡುವೆ ಕೂರಿಸಿ, ಬೆಳಗಿನ ಬಸ್ಸಿಗೆ ಏರಿಸುತ್ತಿದ್ದೆವು. ಆಗ ಪರೀಕ್ಷೆ ಎಂದರೆ ಆ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವೋ ಎಂದು ದಿನಗಟ್ಟಲೆ ಕಾಯುವುದು. ಫಲಿತಾಂಶ ಬರುವಷ್ಟರಲ್ಲಿ ರೋಗಿ ಎದ್ದು ಗದ್ದೆಗೆ ಹೋಗಿರುತ್ತಿದ್ದ, ಇಲ್ಲವೇ ತಿಥಿ ಮುಗಿದಿರುತ್ತಿತ್ತು. ಈ ಕಾಯಿಲೆಗೆಂದೇ ಔಷಧಿಯೂ ಇರಲಿಲ್ಲ, ಇವತ್ತಿಗೂ ಇಲ್ಲ. ವೈರಸ್‌ನ ಗುರುತನ್ನು ಬೇಗ ಹಿಡಿಯುವ ಆರ್‌ಟಿ-ಪಿಸಿಆರ್ ಪರೀಕ್ಷೆ ಬಂದದ್ದು 2012ರ ಆಸುಪಾಸಿನಲ್ಲಿ.

ಹಾಗಾಗಿ ನಮ್ಮಲ್ಲಿ ಮೂರು ಲೆಕ್ಕ ನಡೆಯುತ್ತಿದ್ದವು. ಊರಿನ ಲೆಕ್ಕ: ಯಾರ ಮನೆಯಲ್ಲಿ ಯಾರು ಮಲಗಿದರು. ಆಸ್ಪತ್ರೆಯ ಲೆಕ್ಕ: ಯಾರ ರಕ್ತ ತೆಗೆದೆವು. ಪ್ರಯೋಗಾಲಯದ ಲೆಕ್ಕ: ಯಾರದು ಪಾಸಿಟಿವ್. ಸರ್ಕಾರಿ ಪತ್ರಕ್ಕೆ ಹೋಗುತ್ತಿದ್ದದ್ದು ಮೂರನೆಯದು, ಚಿಕ್ಕದು. ಇವೆಲ್ಲಕ್ಕಿಂತ ಮುಂಚೆ ನಿಜ ಹೇಳುತ್ತಿದ್ದದ್ದು ನನ್ನ ರಿಜಿಸ್ಟರಿನ ಮೊದಲ ಪುಟ. ದನ ಕಾಯುವ ಹುಡುಗನೊಬ್ಬ ಬಂದು ‘ಹೊಳೆ ಆಚೆ ಮುಸಿಯ ಬಿದ್ದೈತೆ’ ಅಂದರೆ, ಅದು ಆ ವರ್ಷದ ಮೊದಲ ಕೇಸು. ಹೋಗಿ, ಸುತ್ತಲೂ ಪುಡಿ ಎರಚಿ, ಹತ್ತಿರದ ಮನೆಗಳಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆ ಹಂಚಿ, ಅತ್ತ ಕಡೆ ದರಗಿಗೆ ಹೋಗಬೇಡಿ ಅಂದರೆ ಕೆಲವು ಜೀವ ಉಳಿಯುತ್ತಿದ್ದವು.

ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಶುರುವಾದ ಜ್ವರ 2019ರ ಬೇಸಿಗೆ ತನಕ ಮನೆ ಮನೆ ಅಲೆದಾಗ ರಾಜ್ಯವೆಲ್ಲ ಮಂಗನ ಕಾಯಿಲೆಯ ಹೆಸರು ಕೇಳಿತು. ಮರುವರ್ಷ ಕೋವಿಡ್ ಬಂತು. ಕೇಸು, ಪಾಸಿಟಿವ್, ಎರಡನೇ ಡೋಸು, ಬೂಸ್ಟರ್ ಎಂಬ ಮಾತುಗಳನ್ನು ಟೀವಿಯವರು ಹೊಸದಾಗಿ ಕಲಿತವರ ಹಾಗೆ ಹೇಳುತ್ತಿದ್ದರೆ ನಮ್ಮ ಊರಿನ ಮುದುಕಿಯರು ನಗುತ್ತಿದ್ದರು. ಅವರಿಗೆ ಅವು ಮೂವತ್ತು ವರ್ಷದ ಹಳೆಯ ಮಾತು. ಆದರೆ ಮಂಗನ ಕಾಯಿಲೆಯ ಲಸಿಕೆ, ಇತ್ತೀಚಿನ ದಾಸ್ತಾನಿಗೆ ಶಕ್ತಿ ಸಾಲದೆಂದು, 2022ರಲ್ಲಿ ನಿಂತುಹೋಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಬರಲಿ, ಉರಿ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು.

ಅಲ್ಲಿಯ ತನಕ, ಅದು ಬಂದ ಮೇಲೂ, ಮಲೆನಾಡಿನವರಲ್ಲಿ ನನ್ನದೊಂದು ಮಾತು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ನೀವೇ ಎಳೆದು ಸುಡಲು ಹೋಗಬೇಡಿ. ಜಾಗ ನೆನಪಿಟ್ಟುಕೊಂಡು ಅದೇ ದಿನ ಆಸ್ಪತ್ರೆಗೆ ಹೇಳಿ. ಆಸ್ಪತ್ರೆಯಲ್ಲಿ ಕೂತವರಲ್ಲಿ ಇನ್ನೊಂದು ಮಾತು: ಆ ಸುದ್ದಿ ತಂದ ದನಗಾಹಿ ಹುಡುಗನನ್ನು ‘ನಾಳೆ ಬಾ’ ಎಂದು ಕಳಿಸಬೇಡಿ.